ಮೋತ್ಯಾನ ಹತ್ತು ದಿನಗಳು

ಈ ಪುಟದಲ್ಲಿ ನಾವು ಇದುವರೆಗೆ ಶಾಲೆ, ಮಳೆ, ಬರ, ಗಡಿಭಾಗದ ಮಕ್ಕಳ ಮಾತೃಭಾಷೆ ಮುಂತಾದ ಗಂಭೀರ ವಿಷಯಗಳನ್ನೇ ಕುರಿತು ಬರೆಯುತ್ತ ಬಂದಿದ್ದೇವೆ. ಈ ಸಲ ಒಂದು ನಾಯಿಯ ವೃತ್ತಾಂತವನ್ನು ಹೇಳಹೊರಟಿದ್ದೇವೆ. ವಾಚಕ ಮಹಾಶಯರು ಹುಬ್ಬೇರಿಸಬಾರದೆಂದು ಮೊದಲೇ ಬಿನ್ನಹ. ನಮ್ಮ ಮನೆಯಲ್ಲಿ ನಮಗಿಂತ ಹೆಚ್ಚು ಜನರಿಗೆ ಪರಿಚಿತನಾದವನು ಅವನೇ. ಹೊಸಬರಾರಾದರೂ ಹೆಡ್‌ಮಾಸ್ತರರ ಮನೆ ಯಾವುದೆಂದು ಕೇಳಿದರೆ, "ಕಟ್ಟಿ ಮ್ಯಾಲ ಮೋತ್ಯಾ ಮಲ್ಕೊಂಡಿರ್ತೈತಲ್ರಿ, ಆ ಮನಿ" ಎಂದು ಊರವರು ಕೈದೋರುತ್ತಾರೆ.

ಐದು ವರ್ಷಗಳ ಹಿಂದಿನ ಮಾತು. ಮಾಡಗ್ಯಾಳದ ಕಡೆಯ ಕುರುಬರ ಹಿಂಡೊಂದು ನಮ್ಮ ಶಾಲೆಯ ಹಿಂದಿನ ಹೊಲದಲ್ಲಿ ತಂಗಿತ್ತು. ಜತ್ತ ತಾಲೂಕಿನ ಆ ಊರಿನ ಹೆಸರನ್ನೇ ಹೊತ್ತ, ಬಾಗಿದ ಮೂಗಿನ, ಬಿಳಿ ಮೈಮೇಲೆ ಕಂದು ಮಚ್ಚೆಗಳುಳ್ಳ ಕುರಿಗಳನ್ನು ನಮ್ಮ ಸೀಮೆಯ ವಾಚಕರು ಬಲ್ಲರು. ಹಿಂಡು ಎದ್ದು ಹೊರಡುವ ಮುಂಜಾನೆ ವೃದ್ಧ ಕುರುಬನೊಬ್ಬ ಕಂಬಳಿಯ ತುದಿಯಲ್ಲಿ ಸುತ್ತಿದ ಮರಿಯೊಂದನ್ನು ನಮ್ಮ ಕೈಗಿತ್ತು, "ತಾಯಿ ಬ್ಯಾಟಿ ನಾಯಿರಿ, ಗುರುಜಿ. ಅಪ್ಪ ಯಾವನೋ ನಮಗ ಗೊತ್ತಿಲ್ಲ" ಎಂದು ನಿಷ್ಕಪಟವಾಗಿ ನುಡಿದ. ಮರಿ ಬೆಳೆದಂತೆ ಆತನ ಮಾತು ದಿಟವೆಂದು ತೋರಿತು. ಉದ್ದ ಮೋರೆ, ಒಳಸರಿದ ಹೊಟ್ಟೆ, ಕಡ್ಡಿಯಂಥ ಕಾಲುಗಳು ತಾಯಿಯ ಕಡೆಯಿಂದ ಬಂದವು. ಮೇಲಕ್ಕೆ ಸುರುಳಿ ಸುತ್ತಿಕೊಂಡ ಬಾಲ ಮಾತ್ರ ನಮ್ಮೂರ ಬೀದಿಯದು.

ಈ ಬೇಟೆನಾಯಿಯ ಕುಲವೂ ನಮ್ಮಂತೆಯೇ ಗಡಿಯ ಎರಡೂ ಮಗ್ಗುಲಲ್ಲಿ ಬಾಳುವಂಥದು. ಮುಧೋಳದವರು ಅದನ್ನು ಮುಧೋಳ ನಾಯಿ ಎಂದು ಹೆಮ್ಮೆಪಡುತ್ತಾರೆ. ಮರಾಠಿಗರಿಗೆ ಅದು ಕಾರವಾನ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಈ ತಳಿಯನ್ನು ಪೋಷಿಸಿದರು. 2005ರಲ್ಲಿ ಅಂಚೆ ಇಲಾಖೆಯವರು ನಮ್ಮ ದೇಶದ ನಾಲ್ಕು ನಾಯಿತಳಿಗಳ ಚೀಟಿಗಳನ್ನು ಹೊರತಂದಾಗ ಅವುಗಳಲ್ಲಿ ಮುಧೋಳವೂ ಒಂದಾಗಿತ್ತು. ಮೋತ್ಯಾನಿಗೆ ಇಷ್ಟು ಘನವಾದ ವಂಶಾವಳಿಯಲ್ಲಿ ಅರ್ಧ ಪಾಲಾದರೂ ಇದೆಯೆಂದು ನಾವು ನಂಬಿದ್ದೇವೆ. ಅವನ ನಡತೆಯಲ್ಲಿ ಅದರ ಗುರುತು ಅಷ್ಟಾಗಿ ಕಾಣದು. ಮೊಲವನ್ನು ಬೆನ್ನಟ್ಟಬೇಕಾದ ಈ ವೀರ ಪಕ್ಕದ ಮನೆಯ ಹೇಂಟೆಗೆ ಹೆದರುತ್ತಾನೆ. ಅದು ಮರಿಗಳನ್ನು ಕರೆದುಕೊಂಡು ಅಂಗಳಕ್ಕೆ ಬಂದರೆ ತಾನು ಕಟ್ಟೆಯಿಂದಿಳಿದು ಹಿತ್ತಲಿಗೆ ಹೋಗುತ್ತಾನೆ.

ಹೆಸರಿನ ಸಂಗತಿಯನ್ನೂ ಹೇಳಿಬಿಡಬೇಕು. ನಮ್ಮ ಶ್ರೀಮತಿಯವರು ಅವನನ್ನು ಮುತ್ತು ಎಂದು ಕರೆದರು. ಓಣಿಯ ಹುಡುಗರು ಅದನ್ನು ಮರಾಠಿಗೆ ತಿರುಗಿಸಿ ಮೋತಿ ಮಾಡಿದರು, ಮೋತಿ ಬಳಕೆಯಲ್ಲಿ ಮೋತ್ಯಾ ಆಯಿತು. ಅರ್ಥವೊಂದೇ. ಅವನು ಎರಡು ಹೆಸರಿಗೂ ಓಗೊಡುತ್ತಾನೆ, ಕೈಯಲ್ಲಿ ಭಕ್ಕರಿಯಿದ್ದರೆ ಹೆಸರೇ ಬೇಕಿಲ್ಲ.

ಅವನ ದಿನಚರಿಯು ನಮ್ಮ ಶಾಲೆಯ ವೇಳಾಪತ್ರಿಕೆಗಿಂತ ಕಟ್ಟುನಿಟ್ಟಾದುದು. ಬೆಳಗ್ಗೆ ಮೊದಲ ಎಸ್‌ಟಿ ಬಸ್ಸು ಬರುವಾಗ ಅದನ್ನು ಬೇವಿನ ಗಿಡದವರೆಗೆ ಬೆನ್ನಟ್ಟಿ, ಬಸ್ಸು ಓಡಿಹೋಯಿತೆಂಬ ವಿಜಯೋತ್ಸಾಹದಿಂದ ಹಿಂದಿರುಗುವನು. ಬಳಿಕ ನಮ್ಮೊಡನೆ ಶಾಲೆಗೆ. ಪ್ರಾರ್ಥನೆಯ ಹೊತ್ತಿಗೆ ಹೊಸ್ತಿಲ ಹೊರಗೆ ಕುಳಿತಿರುತ್ತಾನೆ. ರಾಷ್ಟ್ರಗೀತೆ ಮುಗಿಯುವವರೆಗೆ ಕದಲನು. ಇದನ್ನು ನಾವು ಕಲಿಸಿದ್ದಲ್ಲ. ಮಕ್ಕಳೆಲ್ಲ ನಿಶ್ಚಲರಾಗಿ ನಿಂತಾಗ ತಾನೊಬ್ಬನೇ ಕುಣಿದರೆ ನೋಡುವವರಿಲ್ಲವೆಂದು ಅವನಿಗೆ ತಿಳಿದಿರಬೇಕು. ಮಧ್ಯಾಹ್ನದ ಖಿಚಡಿಯ ಪಾತ್ರೆಯ ಮುಚ್ಚಳ ಸದ್ದಾಯಿತೆಂದರೆ ಗಂಟೆ ಹೊಡೆಯುವವನಿಗಿಂತ ಮೊದಲು ಅವನೇ ಎದ್ದು ನಿಲ್ಲುವುದರಿಂದ ನಮ್ಮ ಎರಡನೆಯ ಇಯತ್ತೆಯ ಮಕ್ಕಳು ಗಡಿಯಾರ ನೋಡುವುದನ್ನು ಇನ್ನೂ ಸರಿಯಾಗಿ ಕಲಿತಿಲ್ಲ.

ಪಾದರಕ್ಷೆಗಳ ವಿಷಯದಲ್ಲಿ ಅವನದೊಂದು ವಿಶೇಷ ನಿಯಮವಿದೆ. ಜೋಡಿಯನ್ನು ಎಂದೂ ಕದಿಯನು. ಒಂದನ್ನು ಮಾತ್ರ ಒಯ್ದು ಕಣಿಕೆಯ ಬಣವೆಯಲ್ಲಿ ಹುದುಗಿಸುವನು. ಒಮ್ಮೆ ಶಾಲೆಯ ತಪಾಸಣೆಗೆ ಬಂದ ಅಧಿಕಾರಿಗಳೊಬ್ಬರು ಹೊರಡುವಾಗ ಎಡಗಾಲಿನ ಚಪ್ಪಲಿ ಕಾಣದಾಯಿತು. ಏಳನೆಯ ಇಯತ್ತೆಯವರು ಬಣವೆಗೆ ದಾಳಿಯಿಟ್ಟು ಹುಡುಕಿದಾಗ ಸಿಕ್ಕಿದವು ನಾಲ್ಕು ಚಪ್ಪಲಿಗಳು. ಅವುಗಳಲ್ಲೊಂದು ನಾವು ಎಂಟು ತಿಂಗಳ ಹಿಂದೆ ಸಂತೆಯಲ್ಲಿ ಕಳುವಾಯಿತೆಂದು ನಿಶ್ಚಯಿಸಿದ್ದ ನಮ್ಮದೇ ಆಗಿತ್ತು. ಅಧಿಕಾರಿಗಳು ನಕ್ಕರು, ಶೆರಾ ಪುಸ್ತಕದಲ್ಲಿ ಏನನ್ನೂ ಬರೆಯಲಿಲ್ಲ.

ಇಂಥವನ್ನು ಬರೆಯುತ್ತ ಕುಳಿತರೆ ಪುಟ ಸಾಲದು. ಆದರೆ ಈ ಸಂಚಿಕೆಗೆ ಅವನನ್ನು ಆರಿಸಿಕೊಂಡುದಕ್ಕೆ ಕಾರಣ ಬೇರೆಯಿದೆ, ಅದನ್ನು ಬರೆಯಲು ನಮಗೆ ಸ್ವಲ್ಪ ಸಂಕೋಚವೂ ಇದೆ.

ಕಳೆದ ಚಳಿಗಾಲದ ಒಂದು ಸೋಮವಾರ ಮಧ್ಯಂತರದಲ್ಲಿ ಹುಡುಗರು ಕಬಡ್ಡಿಯಾಡುತ್ತಿದ್ದರು. ಮೋತ್ಯಾನಿಗೆ ಕಬಡ್ಡಿಯೆಂದರೆ ಪ್ರಾಣ. ಯಾವ ತಂಡದವನೆಂಬುದು ಅವನಿಗೇ ಗೊತ್ತಿಲ್ಲ. ನಡುಗೆರೆ ದಾಟಿ ಓಡುವ ಹುಡುಗನ ಚಡ್ಡಿಯ ಅಂಚನ್ನು ಹಿಡಿದೆಳೆಯುವುದಷ್ಟೇ ಅವನ ಆಟ. ಅಂದು ಮೂರನೆಯ ಇಯತ್ತೆಯ ಬಾಲಕನೊಬ್ಬ ಎಡವಿ ಅವನ ಮೇಲೆಯೇ ಬಿದ್ದ. ಕಾಲು ನಜ್ಜಿತೋ, ಬೆದರಿದನೋ, ಬಾಯಿ ಹಾಕಿಬಿಟ್ಟ. ಬಾಲಕನ ಮುಂಗೈಯಲ್ಲಿ ಎರಡು ಹಲ್ಲಿನ ಗುರುತು, ಗುರುತಿನಲ್ಲಿ ರಕ್ತದ ಹನಿ. ಬಾಲಕ ಅಳಲಿಲ್ಲ. "ಗುರುಜಿ, ಅವಂಗ ಹೊಡಿಬ್ಯಾಡ್ರಿ, ನಾನs ಬಿದ್ದೀನಿ" ಎಂದ.

ನಾವು ಅವನ ಕೈಯನ್ನು ನಳದ ಕೆಳಗಿಟ್ಟು ಸಾಬೂನು ಹಚ್ಚಿ ತೊಳೆಯತೊಡಗಿದೆವು. ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕೆಂದು ಪ್ರತಿವರ್ಷ ಮಕ್ಕಳಿಗೆ ಹೇಳುವವರು ನಾವೇ. ಹುಚ್ಚುನಾಯಿಯ ರೋಗದ ವಿಷಾಣು ನರಗಳ ದಾರಿ ಹಿಡಿದು ಮಿದುಳಿಗೆ ಏರುತ್ತದೆಂದೂ, ರೋಗದ ಲಕ್ಷಣ ತೋರಿದ ಮೇಲೆ ಉಳಿಯುವ ಆಸೆ ಇಲ್ಲವೆಂದೇ ತಿಳಿಯಬೇಕೆಂದೂ, ಅದು ಮಿದುಳನ್ನು ಮುಟ್ಟುವ ಮುನ್ನ ಚುಚ್ಚುಮದ್ದು ಮುಟ್ಟಬೇಕೆಂದೂ ಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದ್ದೇವೆ. 1885ರಲ್ಲಿ ಪಾಶ್ಚರನು ಒಂಬತ್ತು ವರ್ಷದ ಬಾಲಕನೊಬ್ಬನಿಗೆ ಮೊದಲ ಬಾರಿಗೆ ಮದ್ದು ಚುಚ್ಚಿದ ಕಥೆಯನ್ನು ಪ್ರತಿ ಸಪ್ಟೆಂಬರದಲ್ಲಿ ಹೇಳುತ್ತೇವೆ. ಆದರೆ ನಳದ ಮುಂದೆ ಕುಕ್ಕರಗಾಲಲ್ಲಿ ಕುಳಿತಾಗ ನಮ್ಮ ನೆನಪಿಗೆ ಬಂದದ್ದು ಕಪಾಟಿನೊಳಗಿನ ಒಂದು ಹಳದಿ ಕಾರ್ಡು. ಮೋತ್ಯಾನಿಗೆ ಮರಿಯಾಗಿದ್ದಾಗ ದನದ ದವಾಖಾನೆಯಲ್ಲಿ ಚುಚ್ಚುಮದ್ದು ಹಾಕಿಸಿದ್ದೆವು, ಮರುವರ್ಷವೂ ಹಾಕಿಸಿದ್ದೆವು. ಅನಂತರ ಚುನಾವಣೆಯ ಕೆಲಸ, ಗಣತಿ, ಪರೀಕ್ಷೆ ಎಂದು ಮುಂದೂಡುತ್ತ ಮೂರು ವರ್ಷ ಕಳೆದಿತ್ತು. ಅವನ ಚೇಷ್ಟೆಗಳನ್ನು ಊರಿಗೆಲ್ಲ ವರ್ಣಿಸಲು ನಮಗೆ ಬಿಡುವಿತ್ತು.

ಬಾಲಕನ ತಂದೆತಾಯಿಗಳು ದೀಪಾವಳಿಯಾದ ಮೇಲೆ ಕಬ್ಬು ಕಡಿಯಲು ಕಾರಖಾನೆಯ ಸೀಮೆಗೆ ಹೋಗಿದ್ದರು. ಮನೆಯಲ್ಲಿದ್ದವಳು ಅಜ್ಜಿ ಮಾತ್ರ. ಸುದ್ದಿ ಕೇಳಿ ಬಂದವಳ ಸೆರಗಿನಲ್ಲಿ ಖಾರಪುಡಿಯ ಪೊಟ್ಟಣವಿತ್ತು. "ಇದನ್ನ ಎಣ್ಯಾಗ ಕಲಸಿ ಹಚ್ಚಿದ್ರ ನಂಜು ಏರಂಗಿಲ್ಲರಿ" ಎಂದಳು. ಅದನ್ನು ಹಚ್ಚಕೂಡದೆಂದೆವು. "ಅಲ್ರಿ ಗುರುಜಿ, ನಿಮ್ಮ ಮೋತ್ಯಾ ಏನ್ ಹುಚ್ಚ ನಾಯೇನ್ರಿ? ಸಾಕಿದ್ ನಾಯಿ, ಆಡ್ತಾ ಆಡ್ತಾ ತಾಗೇತಿ, ಬಿಡ್ರಿ."

ಅಲ್ಲಿಗೆ ಬಿಟ್ಟಿದ್ದರೆ ಯಾರೂ ನಮ್ಮನ್ನು ಕೇಳುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಈ ಊರಿನ ಮಕ್ಕಳಿಗೆ ಅಕ್ಷರ ತಿದ್ದಿಸಿದವರ ಮಾತನ್ನು ಯಾರೂ ಸಂಶಯಿಸುವುದಿಲ್ಲ. "ಯವ್ವಾ, ಅವಂಗ ಮೂರು ವರ್ಷದಿಂದ ಸೂಜಿ ಹಾಕ್ಸಿಲ್ಲ. ತಪ್ಪು ನಂದು" ಎಂದು ನಾವು ಹೇಳಿದೆವು. ಅವಳು ನಮ್ಮ ಮೋರೆಯನ್ನೇ ಒಂದು ಕ್ಷಣ ನೋಡಿದಳು. ಆ ನೋಟವನ್ನು ನಾವಿನ್ನೂ ಮರೆತಿಲ್ಲ. ಆಮೇಲೆ ಪೊಟ್ಟಣವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು, "ಹಂಗಾರ ನಡೀರಿ, ಹೊತ್ತ್ಯಾಕ?" ಎಂದಳು.

ವಡಾಪ ಜೀಪಿನಲ್ಲಿ ಮೂವರೂ ತಾಲೂಕಿನ ಸರಕಾರಿ ದವಾಖಾನೆಗೆ ಹೋದೆವು. ದಾರಿಯುದ್ದಕ್ಕೂ ಅಜ್ಜಿ ಹೊಟ್ಟೆಯಲ್ಲಿ ಚುಚ್ಚುವ ಹದಿನಾಲ್ಕು ಸೂಜಿಗಳನ್ನೇ ನೆನೆದು ಮರುಗುತ್ತಿದ್ದಳು. ನಮ್ಮ ಬಾಲ್ಯದಲ್ಲಿ ಅದು ನಿಜವಾಗಿತ್ತು. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಮದ್ದನ್ನು 2005ರ ಸುಮಾರಿಗೆ ನಮ್ಮ ದೇಶದಲ್ಲಿ ಕೈಬಿಟ್ಟಾಯಿತು. ಈಗ ತೋಳಿನಲ್ಲಿ ಚರ್ಮದ ಪದರಿಗೆ ಸಣ್ಣ ಸೂಜಿ. ಮೊದಲ ದಿನ, ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ. ರಕ್ತ ಬಂದಿದ್ದರಿಂದ ಗಾಯದ ಸುತ್ತ ಸೀರಮನ್ನೂ ಚುಚ್ಚಿದರು. ಅದಕ್ಕೆ ಮಾತ್ರ ಬಾಲಕ ಅತ್ತ. ನಾಯಿಯನ್ನು ಹತ್ತು ದಿನ ಕಟ್ಟಿ ನೋಡಿರಿ, ಅಷ್ಟು ದಿನ ಅದು ಆರೋಗ್ಯದಿಂದಿದ್ದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೋಗವಿರಲಿಲ್ಲವೆಂದು ತಿಳಿಯಬಹುದು, ಆದರೆ ಅದಕ್ಕಾಗಿ ಸೂಜಿ ನಿಲ್ಲಿಸಬೇಡಿರೆಂದು ವೈದ್ಯರು ತಿಳಿಸಿದರು. ರಾತ್ರಿ ಬಾಲಕನ ತಂದೆಗೆ ಫೋನು ಮಾಡಿ ನಡೆದುದನ್ನೆಲ್ಲ ಹೇಳಿದೆವು. ಆತ ಬಹಳ ಹೊತ್ತು ಮಾತಾಡಲಿಲ್ಲ. "ನೀವ್ ಅದೀರಲ್ರಿ" ಎಂದಷ್ಟೇ ಹೇಳಿ ಇಟ್ಟ. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ಆ ಹತ್ತು ದಿನಗಳಲ್ಲಿ ಮೋತ್ಯಾ ಹಿತ್ತಲಿನ ಕಂಬಕ್ಕೆ ಸರಪಳಿಯಲ್ಲಿದ್ದ. ಮುಂಜಾನೆಯ ಬಸ್ಸು ಬಂದಾಗ ನಿಂತಲ್ಲಿಯೇ ಬೊಗಳಿ ಅದನ್ನು ಓಡಿಸುತ್ತಿದ್ದ. ನಾವು ಎದ್ದೊಡನೆ ಮೊದಲು ನೋಡುತ್ತಿದ್ದುದು ಅವನು ನೀರು ಕುಡಿದನೇ, ಭಕ್ಕರಿ ನುಂಗಿದನೇ, ದನಿ ಬದಲಾಗಿದೆಯೇ ಎಂಬುದನ್ನು. ಮೂರನೆಯ ದಿನ ಅವನು ಭಕ್ಕರಿಯನ್ನು ಮೂಸಿ ಬಿಟ್ಟುಬಿಟ್ಟ. ಶ್ರೀಮತಿಯವರು ಮಾತಿಲ್ಲದೆ ಒಳಗೆ ಹೋದರು. ನಾವು ಶಾಲೆಯಲ್ಲಿ ಹಾಜರಿ ಕೂಗುವಾಗ ಎರಡು ಸಲ ತಪ್ಪಿದೆವು. ಸಂಜೆ ಮರಳಿದಾಗ ತಿಳಿಯಿತು: ಓಣಿಯ ಹುಡುಗರು ಗೋಡೆಯಾಚೆಯಿಂದ ಅವನಿಗೆ ಖಿಚಡಿ ಎಸೆಯುತ್ತಿದ್ದರಂತೆ, ಒಣ ಭಕ್ಕರಿ ಅವನಿಗೆ ಬೇಡವಾಗಿತ್ತು. ಹುಡುಗರನ್ನು ಗದರಿಸಬೇಕೆಂದವರು ಗದರಿಸಲಾರದೆ ಸುಮ್ಮನಾದೆವು.

ಬಾಲಕ ನಿತ್ಯವೂ ಬಂದು ದೂರದಲ್ಲಿ ನಿಂತು ನೋಡಿ, ಹಿತ್ತಲ ಗೋಡೆಯ ಮೇಲೆ ಖಡುವಿನಿಂದ ಒಂದು ಗೀಟು ಎಳೆದು ಹೋಗುತ್ತಿದ್ದ. ಹತ್ತನೆಯ ಗೀಟು ಎಳೆದ ದಿನ ಅವನ ಅಜ್ಜಿಯೂ ಬಂದಿದ್ದಳು. ಮೋತ್ಯಾ ಇಬ್ಬರನ್ನೂ ಕಂಡು ಸರಪಳಿ ಜಗ್ಗಿ, ನೀರಿನ ಬೋಗುಣಿಯನ್ನು ಮಗುಚಿ, ಅದರ ಮೇಲೆಯೇ ಹೊರಳಾಡಿದ. "ಇದಕ್ಕ ಹುಚ್ಚು ಮೊದಲಿಂದನೂ ಐತ್ರಿ" ಎಂದಳು ಅಜ್ಜಿ. ಮರುದಿನ ಅವನನ್ನು ದನದ ದವಾಖಾನೆಗೆ ಒಯ್ದು ಸೂಜಿ ಹಾಕಿಸಿದೆವು. ಹಳದಿ ಕಾರ್ಡು ಈಗ ಕಪಾಟಿನಲ್ಲಿಲ್ಲ, ಅಡುಗೆಮನೆಯಲ್ಲಿ ದಿನದರ್ಶಿಕೆಯ ಮೊಳೆಗೆ ತೂಗುತ್ತಿದೆ; ಅದರ ಮೇಲ್ವಿಚಾರಣೆಯನ್ನು ಶ್ರೀಮತಿಯವರು ನಮ್ಮ ಕೈಯಿಂದ ತೆಗೆದುಕೊಂಡಿದ್ದಾರೆ.

ಇಪ್ಪತ್ತೆಂಟನೆಯ ದಿನ ಕೊನೆಯ ಸೂಜಿ ಮುಗಿಸಿಕೊಂಡು ಬಾಲಕನೊಡನೆ ಜೀಪಿನಿಂದಿಳಿದಾಗ ಸಂಜೆಯಾಗಿತ್ತು. ತಾಲೂಕಿನ ಪೇಟೆಯಲ್ಲಿ ಅವನಿಗೊಂದು ಜೊತೆ ಹೊಸ ಚಪ್ಪಲಿ ಕೊಡಿಸಿದ್ದೆವು. ನಮ್ಮ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದು ಅವನು ಮನೆಗೆ ಹೊರಡಲೆಂದು ಎದ್ದು ನೋಡಿದರೆ ಕಟ್ಟೆಯ ಕೆಳಗೆ ಬಲಗಾಲಿನದು ಮಾತ್ರ ಇತ್ತು. ಇಬ್ಬರೂ ಕಂದೀಲು ಹಿಡಿದು ಬಣವೆಯ ಕಡೆಗೆ ನಡೆದೆವು.