ಮುಂಬಾಗಿಲ ಬೀಗ, ಹಿತ್ತಿಲ ದಾರಿ

ಪರದೇಶದವರು ನಮ್ಮ ಬೇಸಾಯದ ಭೂಮಿಯನ್ನು ಕೊಳ್ಳಕೂಡದೆಂಬ ನಿರ್ಬಂಧವಿರುವಾಗ ಈ ಚಿಂತೆಯೇಕೆಂದು ನಮ್ಮಲ್ಲಿ ಕೆಲವು ವಿದ್ಯಾವಂತರು ಕೇಳುವುದುಂಟು. ನಿರ್ಬಂಧವಿರುವುದು ದಿಟವೇ. 1999ರ ವಿದೇಶೀ ವಿನಿಮಯ ನಿರ್ವಹಣಾ ಕಾಯಿದೆಯ ನಿಯಮಗಳಂತೆ, ಹೊರದೇಶದಲ್ಲಿ ನೆಲಸಿದ ಭಾರತೀಯನು ಕೂಡ ಇಲ್ಲಿ ಪೇಟೆಯ ಮನೆಯನ್ನು ಕೊಳ್ಳಬಹುದೇ ಹೊರತು ಹೊಲವನ್ನಾಗಲಿ ತೋಟವನ್ನಾಗಲಿ ಕ್ರಯಕ್ಕೆ ಪಡೆಯುವಂತಿಲ್ಲ. ಆದರೆ ವಾಚಕರೇ, ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲನ್ನು ತೆರೆದಿಟ್ಟ ಮನೆಯು ಭದ್ರವಾದುದೆನ್ನಬಹುದೇ?

ಇದಕ್ಕೆ ನಿದರ್ಶನವನ್ನು ಹುಡುಕಲು ಹಲಕುಂದಿಯಿಂದ ಬಹುದೂರ ಹೋಗಬೇಕಾಗಿಲ್ಲ. ಕುಡಿತಿನಿ, ಹರಗಿನಡೋಣಿ, ವೇಣಿವೀರಾಪುರಗಳ ಕಡೆ 2010ರಿಂದೀಚೆಗೆ ನಡೆದುದನ್ನು ನೋಡಿರಿ. ಲಕ್ಸೆಂಬರ್ಗಿನಲ್ಲಿ ಮುಖ್ಯ ಕಚೇರಿಯುಳ್ಳ ಆರ್ಸೆಲರ್ ಮಿತ್ತಲ್ ಕಂಪೆನಿಯ ಉಕ್ಕಿನ ಕಾರ್ಖಾನೆಗೆಂದು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ರೈತರ ಸಾವಿರಾರು ಎಕರೆ ಭೂಮಿಯನ್ನು ಸ್ವಾಧೀನಪಡಿಸಿಕೊಂಡಿತು. ಕಂಪೆನಿಯವರು ರೈತನ ಜಗಲಿಗೆ ಬಂದು ಬೆಲೆಯ ಮಾತಾಡಬೇಕಾಗಲಿಲ್ಲ. 1966ರ ಕಾಯಿದೆಯ ಬಲದಿಂದ ಆ ಕೆಲಸವನ್ನು ಸರಕಾರದ ಮಂಡಳಿಯೇ ಮಾಡಿಕೊಟ್ಟಿತು. ಹನ್ನೆರಡು ವರ್ಷ ಕಳೆದರೂ ಕುಲುಮೆಯು ಏಳಲಿಲ್ಲ. 2022ರ ಡಿಸೆಂಬರಿನಲ್ಲಿ ಹೊಲ ಕಳೆದುಕೊಂಡವರು ನ್ಯಾಯವಾದ ಬೆಲೆಯನ್ನೂ ಉದ್ಯೋಗವನ್ನೂ ಬೇಡುತ್ತ ಕುಡಿತಿನಿಯಲ್ಲಿ ಧರಣಿ ಹೂಡಿದರು. ಜೋಳವೂ ಇಲ್ಲ, ಉಕ್ಕೂ ಇಲ್ಲ, ಇದಾವ ಅಭಿವೃದ್ಧಿ?

ಇದು ಸಾಲದೆಂಬಂತೆ, ಭೂಸುಧಾರಣಾ ಕಾಯಿದೆಯಲ್ಲಿದ್ದ 79ಎ, 79ಬಿ, 79ಸಿ ಪ್ರಕರಣಗಳನ್ನು 2020ರಲ್ಲಿ ತೆಗೆದುಹಾಕಲಾಯಿತು. ಬೇಸಾಯಗಾರನಲ್ಲದ ಧನಿಕನಿಗಿದ್ದ ಅಡ್ಡಿಯು ಸರಿಯಿತು. ಪಹಣಿಯು ಖಾತೆದಾರನ ಹೆಸರನ್ನು ಹೇಳುವುದೇ ಹೊರತು ಅವನ ಹಿಂದಿರುವ ಹಣವು ಯಾರದೆಂಬುದನ್ನು ಹೇಳಲಾರದು.

ಹಾಗಾದರೆ ಕಾರ್ಖಾನೆಗಳೇ ಬೇಡವೋ ಎಂದು ಕೇಳುವರು. ನಾವು ಹಾಗೆನ್ನುವುದಿಲ್ಲ, ಕೆಲಸವಿಲ್ಲದ ತರುಣರು ನಮ್ಮ ಮನೆಗಳಲ್ಲಿಯೂ ಇರುವರು. ನಾವು ಕೇಳುವುದು ಎರಡೇ ನಿಯಮಗಳನ್ನು. ಪರದೇಶದ ಬಂಡವಾಳಕ್ಕೆ ಭೂಮಿಯನ್ನು ಗೇಣಿಗೆ ಕೊಡತಕ್ಕದ್ದು, ಒಡೆತನಕ್ಕಲ್ಲ. ಐದು ವರ್ಷಗಳೊಳಗಾಗಿ ಕೆಲಸ ತೊಡಗದಿದ್ದರೆ ಭೂಮಿಯು ಮೊದಲಿನ ಒಡೆಯನಿಗೆ ಮರಳತಕ್ಕದ್ದು. ಇದು ನಮ್ಮ ಕಲ್ಪನೆಯೇನೂ ಅಲ್ಲ. ಐದು ವರ್ಷ ಬಳಸದೆ ಬಿಟ್ಟ ನೆಲವನ್ನು ಹಳೆಯ ಒಡೆಯನಿಗಾಗಲಿ ಸರಕಾರದ ಭೂನಿಧಿಗಾಗಲಿ ಹಿಂದಿರುಗಿಸಬೇಕೆಂದು ಕೇಂದ್ರದ 2013ರ ಭೂಸ್ವಾಧೀನ ಕಾಯಿದೆಯ 101ನೆಯ ಪ್ರಕರಣವು ವಿಧಿಸಿತು. 1966ರ ಕಾಯಿದೆಯಡಿ ಕಳೆದುಹೋದ ಹೊಲಕ್ಕೂ ಆ ನ್ಯಾಯವು ಸಲ್ಲಲಿ. ಅದೂ ಭೂನಿಧಿಗಲ್ಲ, ರೈತನಿಗೇ ಸಲ್ಲಲಿ.

ಯಂತ್ರವು ಹೊರಗಿನಿಂದ ಬರಲಿ, ಹಣವೂ ಬರಲಿ. ನೆಲವನ್ನು ಮಾತ್ರ ಯಾವ ಹಡಗೂ ತಂದಿಳಿಸಲಾರದು.