ಮೊದಲು ಕಾಲುವೆಯಾಗಲಿ, ಆಮೇಲೆ ಉದ್ಯಾನ!

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಬಸ್ಸಿಗಾಗಿ ಕಾಯುವಾಗ ಒಮ್ಮೆ ಕಾಲ ಕೆಳಗೆ ನೋಡಿಕೊಳ್ಳಿ. ನೀವು ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಸಿಟಿ ಮಾರುಕಟ್ಟೆಯಲ್ಲಿ ಸೊಪ್ಪು ಕೊಂಡರೆ ಅದು ಸಿದ್ದಿಕಟ್ಟೆ. ಕಂಠೀರವ ಕ್ರೀಡಾಂಗಣದಲ್ಲಿ ಚಪ್ಪಾಳೆ ತಟ್ಟಿದರೆ ಅದು ಸಂಪಂಗಿ ಕೆರೆ. ಹಾಕಿ ಕ್ರೀಡಾಂಗಣಕ್ಕೆ ಹೋದರೆ ಅದು ಅಕ್ಕಿತಿಮ್ಮನಹಳ್ಳಿ ಕೆರೆ. ಕೆರೆಗೆ ಏರಿಯಿತ್ತು, ತೂಬಿತ್ತು, ಕೋಡಿಯಿತ್ತು. ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಹರಿಯಲು ರಾಜಕಾಲುವೆಯಿತ್ತು. ಕೆರೆಗಳನ್ನು ನುಂಗಿದ ನಗರಕ್ಕೆ ಕಾಲುವೆಗಳನ್ನು ಮಾತ್ರ ಪೂರ್ತಿ ನುಂಗಲಾಗಲಿಲ್ಲ. ಮಳೆ ನೀರಿಗೆ ದಾರಿ ಬೇಕಲ್ಲ! ಅದಕ್ಕೇ ಅವನ್ನು ಮೋರಿ ಮಾಡಿತು.

ಅಂಥ ಮೋರಿಗಳಲ್ಲಿ ಒಂದನ್ನು ಈಗ ಉದ್ಯಾನ ಮಾಡಲು ಹೊರಟಿದ್ದಾರೆ. ಮೆಜೆಸ್ಟಿಕ್ ಕಡೆಯಿಂದ ಶಾಂತಿನಗರ, ಕೋರಮಂಗಲಗಳನ್ನು ಹಾದು ಬೆಳ್ಳಂದೂರು ಕೆರೆ ಸೇರುವ, ಸುಮಾರು ಹತ್ತು ಕಿಲೋಮೀಟರ್ ಉದ್ದದ ರಾಜಕಾಲುವೆ ಅದು. ಅದರೊಳಗೆ ಬೀಳುವ ಕೊಳಚೆಯನ್ನು ಬೇರೆ ಕೊಳವೆಗೆ ತಿರುಗಿಸುವುದು, ಶುದ್ಧೀಕರಿಸಿದ ನೀರು ಹರಿಸುವುದು, ದಡದಲ್ಲಿ ಕಾಲುದಾರಿ, ಗಿಡಮರ, ಕೂರುವ ಕಟ್ಟೆ, ಜನ ಸೇರುವ ಬಯಲು ಮಾಡುವುದು ಯೋಜನೆ. ಕೆಲಸ ಶುರುವಾದದ್ದು 2021ರಲ್ಲಿ. ಅಂದಾಜು ಸುಮಾರು 175 ಕೋಟಿ ರೂಪಾಯಿ. ಗಡುವುಗಳು ಒಂದರ ಹಿಂದೊಂದು ಬಂದವು, ಹೋದವು. ಕೊನೆಗೆ ಕೆಲಸ ಹಿಡಿದಿದ್ದ ಬಿಬಿಎಂಪಿಯೇ 2025ರಲ್ಲಿ ಹೋಗಿ ಐದು ಪಾಲಿಕೆಗಳು ಬಂದವು!

ನಾವು ಈ ಯೋಜನೆಯ ವಿರೋಧಿಗಳಲ್ಲ. ಕಾಲುವೆಯ ಪಕ್ಕದ ಬಡಾವಣೆಗಳಲ್ಲಿ ಎರಡು ಮೂರು ತಲೆಮಾರು ನಾತ ಕುಡಿದು, ಸೊಳ್ಳೆ ಕಚ್ಚಿಸಿಕೊಂಡು, ಮಳೆ ಬಂದ ರಾತ್ರಿ ಮಂಚದ ಮೇಲೆ ಮಕ್ಕಳನ್ನು ಎತ್ತಿ ಕೂರಿಸಿಕೊಂಡು ಬದುಕಿವೆ. ಅಲ್ಲಿಯ ಮುದುಕಿಯೊಬ್ಬಳು ಸಂಜೆ ಹೊತ್ತು ಮರದ ಕೆಳಗೆ ಕೂತು ಮೊಮ್ಮಗುವನ್ನು ಆಡಿಸುವಂತಾದರೆ ಅದಕ್ಕಿಂತ ಒಳ್ಳೆಯ ಕೆಲಸ ಯಾವುದಿದೆ? ಆದರೆ ಮೇಲೆ ಥಳಕು, ಒಳಗೆ ಹುಳುಕು ಆಗಬಾರದು. ಗೋಡೆಗೆ ಕಲ್ಲು ಹೊದಿಸಿ, ದೀಪ ಹಚ್ಚಿ, ಕೆಳಗೆ ಅದೇ ಕಪ್ಪು ನೀರು ಬಿಟ್ಟರೆ ಅದು ಉದ್ಯಾನವಲ್ಲ, ಹೆಣಕ್ಕೆ ಮಾಡಿದ ಶೃಂಗಾರ.

ಈ ಯೋಜನೆಗೆ ಮಾದರಿಯೆಂದು ದಕ್ಷಿಣ ಕೊರಿಯಾದ ಸೋಲ್ ನಗರದ ಚೊಂಗ್ಯೆಚೊನ್ ತೊರೆಯನ್ನು ತೋರಿಸಿದರು. ಅಲ್ಲಿ 2003ರಿಂದ 2005ರೊಳಗೆ ತೊರೆಯ ಮೇಲಿದ್ದ ಮೇಲ್ಸೇತುವೆ ರಸ್ತೆಯನ್ನೇ ಕೆಡವಿ 5.8 ಕಿಲೋಮೀಟರ್ ನೀರಿನ ದಾರಿ ತೆರೆದರು. ಮೆಚ್ಚಬೇಕಾದ ಕೆಲಸ, ಸರಿ. ಆದರೆ ಇನ್ನೊಂದು ಮಾತನ್ನೂ ಹೇಳಬೇಕಿತ್ತು. ಆ ತೊರೆಯಲ್ಲಿ ಹರಿಯುವ ನೀರಿನ ಬಹುಪಾಲು ತಾನಾಗಿ ಹರಿದು ಬಂದದ್ದಲ್ಲ. ದಿನಕ್ಕೆ ಸುಮಾರು 1,20,000 ಟನ್ ನೀರನ್ನು ಪಂಪು ಹಾಕಿ ತರುತ್ತಾರೆ, ಅದರಲ್ಲಿ ಹೆಚ್ಚಿನದು ಹಾನ್ ನದಿಯದು. ದಡದಲ್ಲಿ ಹೊಟ್ಟೆ ಹೊರೆಯುತ್ತಿದ್ದ ಬೀದಿ ವ್ಯಾಪಾರಿಗಳು ಅಲ್ಲಿಂದ ಎತ್ತಂಗಡಿಯಾದರು. ಅದು ದೊಡ್ಡ ನದಿಯ ದಡದ ಊರು. ನಮ್ಮದು ನದಿಯಿಲ್ಲದ ದಿಣ್ಣೆಯ ಊರು. ನಾವು ಯಾವ ನೀರು ಹರಿಸುತ್ತೇವೆ?

ಇಲ್ಲಿಯೇ ಕನ್ನಡಿಗರು ಎದೆ ಮುಟ್ಟಿಕೊಂಡು ಯೋಚಿಸಬೇಕಾದ ಸಂಗತಿಯಿದೆ. 1974ರಿಂದ ಬೆಂಗಳೂರು ಕಾವೇರಿ ಕುಡಿಯುತ್ತಿದೆ. ನೂರು ಕಿಲೋಮೀಟರಿನಷ್ಟು ದೂರದಿಂದ, ಸುಮಾರು ಐನೂರು ಮೀಟರ್ ಮೇಲಕ್ಕೆತ್ತಿ ತಂದ ನೀರು. ಮನೆಗೆ ಬಂದ ನೀರಿನಲ್ಲಿ ಶೇಕಡ 80ರಷ್ಟು ಕೊಳಚೆಯಾಗಿ ಹೊರಬೀಳುತ್ತದೆಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ಹಾಗಾದರೆ ಈ ರಾಜಕಾಲುವೆಯಲ್ಲಿ ಕಪ್ಪಾಗಿ ಹರಿಯುತ್ತಿರುವುದು ಯಾರು? ಕಾವೇರಿಯೇ ಅಲ್ಲವೆ? ಅವಳು ಬೆಳ್ಳಂದೂರಿಗೆ ಇಳಿಯುತ್ತಾಳೆ. 2015, 2017, 2018ರಲ್ಲಿ ಆ ಕೆರೆಗೆ ಬೆಂಕಿ ಹತ್ತಿತ್ತು. ನೀರಿಗೆ ಬೆಂಕಿ! ಅಲ್ಲಿಂದ ವರ್ತೂರು, ಅಲ್ಲಿಂದ ದಕ್ಷಿಣ ಪಿನಾಕಿನಿ, ಅಲ್ಲಿಂದ ಗಡಿ ದಾಟಿ ಹೊಸೂರಿನ ಬಳಿಯ ಕೆಲವರಪಳ್ಳಿ ಅಣೆಕಟ್ಟು. ಅಲ್ಲಿಯೂ ನೊರೆ.

ಒಂದೊಂದು ಟಿಎಂಸಿ ಕಾವೇರಿಗಾಗಿ ನಾವು ಬೀದಿಗೆ ಇಳಿದಿದ್ದೇವೆ, ಲಾಠಿ ತಿಂದಿದ್ದೇವೆ. ತಪ್ಪಲ್ಲ. ಆದರೆ ಮಂಡ್ಯದ ರೈತ ಹೊಟ್ಟೆ ಕಟ್ಟಿ ಬಿಟ್ಟ ನೀರು ನಮ್ಮ ಬಚ್ಚಲು ದಾಟಿದ ಕೂಡಲೇ ಅನಾಥವಾಗುವುದು ಯಾವ ನ್ಯಾಯ? 2018ರಿಂದ ಇದೇ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಪಂಪು ಮಾಡುತ್ತಿದ್ದಾರೆ. ಬರದ ಜಿಲ್ಲೆಯ ರೈತ ನಮ್ಮ ಬಚ್ಚಲ ನೀರನ್ನು ನಂಬಿ ಬೆಳೆಯಿಡುತ್ತಿದ್ದಾನೆ. ಆ ನೀರು ಎಷ್ಟು ಶುದ್ಧ ಎಂಬುದು ಅವನ ಅನ್ನದ ಪ್ರಶ್ನೆ. ಕಾಲುವೆಯ ಸೊಗಸು ವಾಯುವಿಹಾರಕ್ಕೆ ಮಾತ್ರ ಸೇರಿದ್ದಲ್ಲ.

ಎರಡನೆಯ ಮಾತು ಜಾಗದ್ದು. 2022ರ ಸೆಪ್ಟೆಂಬರಿನಲ್ಲಿ ಒಂದು ರಾತ್ರಿಯ ಮಳೆಗೆ ಹೊರವರ್ತುಲ ರಸ್ತೆ ಹೊಳೆಯಾಯಿತು. ಕಂಪ್ಯೂಟರ್ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ನೀರು ತನ್ನ ಹಳೆಯ ದಾರಿಯನ್ನು ಹುಡುಕಿಕೊಂಡು ಬಂದಿತ್ತು, ಅಷ್ಟೆ. ಬುಲ್ಡೋಜರು ಬಂತು, ಒಂದಷ್ಟು ಗೋಡೆ ಬಿತ್ತು, ಮಳೆ ನಿಂತಿತು, ಬುಲ್ಡೋಜರೂ ನಿಂತಿತು. ಬಡವನ ಗೋಡೆಗೆ ನೋಟೀಸು, ದೊಡ್ಡವರ ಗೋಡೆಗೆ ತಡೆಯಾಜ್ಞೆ ಎಂಬುದು ಈ ಊರಿನ ಹಳೆಯ ಕಥೆ. ದೊಡ್ಡ ರಾಜಕಾಲುವೆಗೆ 50 ಮೀಟರ್, ಮಧ್ಯಮಕ್ಕೆ 25, ಸಣ್ಣದಕ್ಕೆ 15 ಮೀಟರ್ ಬಿಡಬೇಕೆಂದು ನಗರದ 2015ರ ಮಹಾಯೋಜನೆ ಹೇಳಿತ್ತು. ಹಸಿರು ನ್ಯಾಯಮಂಡಳಿ ಈ ಅಂತರಗಳನ್ನು ಬದಲಿಸಿ, ಕೆರೆಗಳ ಸುತ್ತ 75 ಮೀಟರ್ ಬಿಡಬೇಕೆಂದಿತ್ತು. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ ಮಹಾಯೋಜನೆಯ ಅಳತೆಯನ್ನೇ ಎತ್ತಿಹಿಡಿಯಿತು. ಉಳಿದಿರುವಷ್ಟಾದರೂ ಅಳತೆ ಕಾಗದದ ಮೇಲಲ್ಲದೆ ನೆಲದ ಮೇಲೆ ಎಲ್ಲಿದೆ? ನಗರದಲ್ಲಿ 800 ಕಿಲೋಮೀಟರಿಗೂ ಮೀರಿದ ರಾಜಕಾಲುವೆಗಳಿವೆ. ಹತ್ತು ಕಿಲೋಮೀಟರಿಗೆ ಹೂವಿಟ್ಟು ಉಳಿದದ್ದನ್ನು ಒತ್ತುವರಿಗೆ ಬಿಟ್ಟರೆ ಆ ಹೂವು ಯಾರ ಮುಡಿಗೆ?

ಇನ್ನು ಹೆಸರಿನ ಮಾತು. ಈ ಯೋಜನೆಗೆ ಇಟ್ಟಿರುವ ಹೆಸರು 'ಕೆ-100 ಸಿಟಿಜನ್ಸ್ ವಾಟರ್‌ವೇ'. ಕೆ ಎಂದರೆ ಕೋರಮಂಗಲ ಕಣಿವೆ, ನೂರು ಎಂದರೆ ಕಡತದ ಅಂಕಿ. ನೂರಾರು ವರ್ಷ ರಾಜಕಾಲುವೆ ಎಂದು ಕರೆದ ಜನರ ಬಾಯಿಂದ ಆ ಪದ ಕಿತ್ತುಕೊಂಡು ಅಂಕಿ ಕೊಟ್ಟವರು ಯಾವ 'ಸಿಟಿಜನ್'ಗಳನ್ನು ಕೇಳಿದರು? ಇದು ಬರೀ ಅಭಿಮಾನದ ಮಾತಲ್ಲ. ಕೋರಮಂಗಲದಲ್ಲಿ ಎಸ್.ಟಿ. ಬೆಡ್ ಎಂಬ ಬಡಾವಣೆಯಿದೆ. ಮಳೆ ಬಂದರೆ ಅಲ್ಲಿ ನೀರು ನುಗ್ಗುತ್ತದೆ. ಏಕೆ? ಎಸ್.ಟಿ. ಎಂದರೆ ಶ್ರೀನಿವಾಗಿಲು ಟ್ಯಾಂಕ್. ಶ್ರೀನಿವಾಗಿಲು ಕೆರೆಯಂಗಳ ಎಂದು ಫಲಕದ ಮೇಲೆ ಕನ್ನಡದಲ್ಲಿ ಬರೆದಿದ್ದರೆ ನಿವೇಶನ ಕೊಳ್ಳಲು ಬಂದವನು ಒಂದು ಗಳಿಗೆ ನಿಂತು ಯೋಚಿಸುತ್ತಿದ್ದ. ಇಂಗ್ಲಿಷಿನ ಎರಡಕ್ಷರ ಕೆರೆಯನ್ನೇ ಮುಚ್ಚಿತು. ಹೆಸರು ಅಳಿಸಿದರೆ ನೀರಿನ ಗುರುತು ಅಳಿಯುತ್ತದೆ, ಗುರುತು ಅಳಿದ ನೆಲ ಸಲೀಸಾಗಿ ಮಾರಾಟವಾಗುತ್ತದೆ.

ನಮ್ಮ ಬೇಡಿಕೆಗಳು ನಾಲ್ಕೇ. ಒಂದು, ಕಾಲುವೆಗೆ ಬೀಳುವ ಒಂದೊಂದು ಕೊಳಚೆ ಕೊಳವೆಯನ್ನೂ ಮುಚ್ಚಿದ ಮೇಲೆ ದೀಪದ ಕಂಬ ನೆಡಿ. ನೀರಿನ ಪರೀಕ್ಷೆಯ ಫಲಿತಾಂಶವನ್ನು ತಿಂಗಳಿಗೊಮ್ಮೆ ದಡದಲ್ಲೇ ಕನ್ನಡದಲ್ಲಿ ಬರೆದು ಹಾಕಿ. ಎರಡು, ಕಾಲುವೆಯ ಗಡಿಗೆ ಕಲ್ಲು ನೆಡಿ. ದೊಡ್ಡ ಒತ್ತುವರಿಯಿಂದ ತೆರವು ಶುರುವಾಗಲಿ, ಬಡವರನ್ನು ಎಬ್ಬಿಸುವುದಾದರೆ ಹತ್ತಿರದಲ್ಲೇ ಸೂರು ಕೊಟ್ಟು ಎಬ್ಬಿಸಿ. ಮೂರು, ಉದ್ಯಾನಕ್ಕೆ ಟಿಕೆಟ್ಟಾಗಲಿ, ಖಾಸಗಿ ಕಾವಲಾಗಲಿ ಬೇಡ. ಹಿಂದೆ ಕೆರೆಗೊಬ್ಬ ನೀರುಗಂಟಿ ಇದ್ದಂತೆ ಇಲ್ಲಿಯೂ ಆಯಾ ಬಡಾವಣೆಯ ಹುಡುಗರಿಗೇ ಕಾವಲಿನ ಕೆಲಸ, ಸಂಬಳ ಕೊಡಿ. ನಾಲ್ಕು, ಕಾಲುವೆಯ ಹೆಸರು, ಅದು ಹಾದುಬಂದ ಸತ್ತ ಕೆರೆಗಳ ಹೆಸರು ಕಲ್ಲಿನ ಮೇಲೆ ಕನ್ನಡದಲ್ಲಿ ನಿಲ್ಲಲಿ.

ಓದುಗರಿಗೂ ಒಂದು ಮಾತು. ಮುಂದಿನ ಸಲ ಕಾವೇರಿಗಾಗಿ ಮೆರವಣಿಗೆ ಹೊರಟಾಗ ಶಾಂತಿನಗರದ ಆ ಕಾಲುವೆಯ ದಡದಲ್ಲಿ ಹಾದು ಹೋಗೋಣ. ಮೂಗು ಮುಚ್ಚಿಕೊಳ್ಳದೆ ಒಮ್ಮೆ ಬಗ್ಗಿ ನೋಡೋಣ. ನಾವು ಯಾರಿಗಾಗಿ ಕೂಗುತ್ತಿದ್ದೇವೋ ಅವಳು ಅಲ್ಲೇ, ಕೆಳಗೆ ಹರಿಯುತ್ತಿದ್ದಾಳೆ.