ಕಪ್ಪ ಬೇಕು, ಕ್ರಾಂತಿ ಮಾತ್ರ ಬೇಡವೇ?

“ಕ್ರಾಂತಿ ಇಲ್ಲದೇ ಆಡೋಣ, ಆಟ ಸರಳವಾಗುತ್ತೆ” ಎಂದು ಯಾರಾದರೂ ಹೇಳಿದರೆ, ಹಿಂದಿನ ಆಟದಲ್ಲಿ ಆ ಮನುಷ್ಯ ಎಷ್ಟನೆಯವನಾಗಿ ಮುಗಿಸಿದ್ದ ಅಂತ ಮೊದಲು ವಿಚಾರಿಸಿ. ಬಹುಮಟ್ಟಿಗೆ ಅವನೇ ಮೊದಲನೆಯವನಾಗಿರುತ್ತಾನೆ!

ರಾಜಕೀಯದ ಮಾತಲ್ಲ ಮಾರಾಯ್ರೆ, ಇಸ್ಪೀಟಿನ ಮಾತು. ಜಪಾನಿನ ‘ದೈಫುಗೋ’ ಎಂಬ ಆಟ. ‘ಪರ್ಸೋನಾ 5 ರಾಯಲ್’ ಎಂಬ ವಿಡಿಯೋ ಗೇಮ್ 2019ರಲ್ಲಿ ಜಪಾನಿನಲ್ಲಿ, 2020ರಲ್ಲಿ ಉಳಿದ ಕಡೆ ಬಂತಲ್ಲ, ಅದರೊಳಗೆ ‘ಟೈಕೂನ್’ ಅಂತ ಇರುವುದೂ ಇದೇ. ಅಲ್ಲಿ ಕಲಿತು ಗೆಳೆಯರ ಜೊತೆ ನಿಜವಾದ ಎಲೆಗಳಲ್ಲಿ ಆಡುವವರನ್ನು ನೋಡಿದ್ದೇನೆ. ಆಡಲಿ, ಸಂತೋಷ. ಆದರೆ ಆಟದ ಅರ್ಧ ನಿಯಮ ಇಟ್ಟುಕೊಂಡು ಇನ್ನರ್ಧ ಬಿಸಾಕುವ ಚಾಳಿ ಇದೆಯಲ್ಲ, ಅದರ ಮೇಲೆ ನನ್ನ ತಕರಾರು.

ಗೊತ್ತಿಲ್ಲದವರಿಗಾಗಿ ಆಟ ಹೇಳಿಬಿಡುತ್ತೇನೆ. ಗೊತ್ತಿದ್ದವರೂ ಓದಿ, ಯಾಕೆಂದರೆ ಜಗಳ ಇರುವುದು ಇದರೊಳಗೇ.

ನಾಲ್ಕರಿಂದ ಆರು ಜನ ಇದ್ದರೆ ಚೆನ್ನ. ಐದು ಜನ ಇದ್ದರಂತೂ ಬಲು ಚೆನ್ನ. ಒಂದು ಕಟ್ಟು ಇಸ್ಪೀಟು, ಒಂದೋ ಎರಡೋ ಜೋಕರ್. ಎಲ್ಲ ಎಲೆಗಳನ್ನೂ ಹಂಚಿಬಿಡಬೇಕು. ಮೊದಲು ಕೈ ಖಾಲಿ ಮಾಡಿಕೊಂಡವನು ಗೆದ್ದ. ಎಲೆಗಳ ತೂಕ ಮಾತ್ರ ನಮ್ಮ ರೂಢಿಯಂತಲ್ಲ. ಮೂರರ ಎಲೆ ಎಲ್ಲಕ್ಕಿಂತ ಸಣ್ಣದು. ಅಲ್ಲಿಂದ ಏರುತ್ತಾ ಹತ್ತು, ಗುಲಾಮ, ರಾಣಿ, ರಾಜ, ಎಕ್ಕ. ಎಕ್ಕದ ಮೇಲೆ ಎರಡು. ಎರಡರ ಮೇಲೆ ಜೋಕರ್. ಶುರು ಮಾಡುವವನು ಒಂಟಿ ಎಲೆಯನ್ನಾಗಲಿ, ಒಂದೇ ಅಂಕೆಯ ಎರಡು, ಮೂರು ಎಲೆಗಳನ್ನಾಗಲಿ ಇಳಿಸುತ್ತಾನೆ. ಮುಂದಿನವರು ಅಷ್ಟೇ ಎಲೆಗಳನ್ನು, ಅದಕ್ಕಿಂತ ದೊಡ್ಡದನ್ನು ಹಾಕಬೇಕು. ಇಲ್ಲದಿದ್ದರೆ ಪಾಸ್. ಎಲ್ಲರೂ ಪಾಸ್ ಅಂದಾಗ ಕೊನೆಗೆ ಹಾಕಿದವನು ರಾಶಿ ಸರಿಸಿ ತನಗೆ ಬೇಕಾದ್ದರಿಂದ ಹೊಸ ಸುತ್ತು ಶುರು ಮಾಡುತ್ತಾನೆ. ಅಷ್ಟೇ. ಜಪಾನಿನಲ್ಲಿ ಶಾಲೆಯ ಪ್ರವಾಸಕ್ಕೆ ಹೋದ ಮಕ್ಕಳು ರಾತ್ರಿ ಹಾಸಿಗೆ ಮೇಲೆ ಗುಂಪುಗೂಡಿ ಆಡುವ ಆಟ ಇದು, ಬ್ರಹ್ಮವಿದ್ಯೆಯೇನಲ್ಲ.

ಜೀವ ಬರುವುದು ಎರಡನೇ ಹಂಚಿಕೆಯಿಂದ. ಮೊದಲ ಆಟದಲ್ಲಿ ಯಾರು ಯಾವ ಕ್ರಮದಲ್ಲಿ ಮುಗಿಸಿದರೋ ಆ ಪ್ರಕಾರ ಅಂತಸ್ತು. ಮೊದಲನೆಯವನು ದೈಫುಗೋ, ಎರಡನೆಯವನು ಫುಗೋ, ನಡುವಿನವನು ಹೇಮಿನ್, ಆಮೇಲೆ ಹಿನ್‌ಮಿನ್, ಕಟ್ಟಕಡೆಯವನು ದೈಹಿನ್‌ಮಿನ್. ನಮ್ಮ ಮಾತಿನಲ್ಲಿ ಕುಬೇರ, ಸಾಹುಕಾರ, ಸಾಮಾನ್ಯ, ಬಡವ, ಕುಚೇಲ ಅಂದುಕೊಳ್ಳಿ. ಜಪಾನಿನಲ್ಲೇ ಈ ಆಟಕ್ಕೆ ಎರಡು ಹೆಸರಿದೆ. ಕೆಲವರು ದೈಫುಗೋ ಅಂತಾರೆ, ಕೆಲವರು ದೈಹಿನ್‌ಮಿನ್ ಅಂತಾರೆ. ಮೇಜಿನ ಯಾವ ತುದಿಯಿಂದ ನೋಡುತ್ತೀರಿ ಅನ್ನೋದಷ್ಟೇ ವ್ಯತ್ಯಾಸ!

ಈಗ ಹೊಸದಾಗಿ ಎಲೆ ಹಂಚಿದ ಮೇಲೆ ಕಪ್ಪ ಕೊಡಬೇಕು. ಕುಚೇಲ ತನ್ನ ಕೈಯಲ್ಲಿರುವ ಅತಿ ದೊಡ್ಡ ಎರಡು ಎಲೆಗಳನ್ನು ಕುಬೇರನಿಗೆ ಒಪ್ಪಿಸಬೇಕು. ಆರಿಸುವ ಹಕ್ಕಿಲ್ಲ, ದೊಡ್ಡವೇ ಆಗಬೇಕು. ಬದಲಿಗೆ ಕುಬೇರ ತನಗೆ ಬೇಡವಾದ ಯಾವುದಾದರೂ ಎರಡು ಎಲೆ ಕೊಡುತ್ತಾನೆ. ಬಡವ, ಸಾಹುಕಾರರ ನಡುವೆಯೂ ಹೀಗೇ, ಒಂದೊಂದು ಎಲೆ. ಪುರಾಣದ ಕುಚೇಲ ಹಿಡಿ ಅವಲಕ್ಕಿ ಕೊಟ್ಟು ಸಂಪತ್ತು ಪಡೆದ. ಇಲ್ಲಿಯವನು ಸಂಪತ್ತು ಕೊಟ್ಟು ಅವಲಕ್ಕಿ ತಗೋತಾನೆ.

ಎಷ್ಟು ದೊಡ್ಡ ಪೆಟ್ಟು ಅಂತ ಲೆಕ್ಕ ಹಾಕಿ. ಎರಡು ಜೋಕರ್ ಸೇರಿ 54 ಎಲೆ, ಐದು ಜನ. ಜೋಕರ್ ಎರಡು, ಎರಡರ ಎಲೆ ನಾಲ್ಕು, ಒಟ್ಟು ಆರು ದೊಡ್ಡ ಎಲೆ. ಸರಾಸರಿ ತಲೆಗೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ ಕಪ್ಪ ಕೊಟ್ಟ ಮೇಲೆ ಕುಚೇಲನ ಕೈಯಲ್ಲಿ ಸಾಮಾನ್ಯವಾಗಿ ಇವುಗಳಲ್ಲಿ ಒಂದೂ ಉಳಿಯುವುದಿಲ್ಲ.

ಅನ್ಯಾಯ ಅಲ್ವಾ? ಖಂಡಿತ ಅನ್ಯಾಯ. ಆಟ ಅದನ್ನು ಮುಚ್ಚಿಡುವುದೂ ಇಲ್ಲ. ಆದರೆ ಅದೇ ಆಟ ಇನ್ನೆರಡು ನಿಯಮಗಳನ್ನೂ ಪಕ್ಕದಲ್ಲೇ ಇಟ್ಟಿದೆ.

ಒಂದು, ಕ್ರಾಂತಿ. ಜಪಾನಿಯಲ್ಲಿ ‘ಕಾಕುಮೇ’. ಯಾರಾದರೂ ಒಂದೇ ಅಂಕೆಯ ನಾಲ್ಕು ಎಲೆ ಒಟ್ಟಿಗೆ ಇಳಿಸಿದರೆ ಲೋಕವೇ ತಲೆಕೆಳಗು. ಮೂರರ ಎಲೆ ರಾಜನಿಗಿಂತ ದೊಡ್ಡದಾಗುತ್ತದೆ, ಎರಡರ ಎಲೆ ಕಸವಾಗುತ್ತದೆ. ಜೋಕರ್ ಮಾತ್ರ ಎಂದಿನಂತೆ ಮೇಲೇ ಇರುತ್ತದೆ. ಇನ್ನೊಬ್ಬರು ಮತ್ತೆ ನಾಲ್ಕು ಎಲೆ ಇಳಿಸಿ ಪ್ರತಿಕ್ರಾಂತಿ ಮಾಡದಿದ್ದರೆ ಆ ಆಟ ಮುಗಿಯುವವರೆಗೂ ಹೀಗೇ.

ಎರಡು, ‘ಮಿಯಾಕೋ-ಒಚಿ’. ರಾಜಧಾನಿ ಬಿಟ್ಟು ಹೋಗುವುದು ಎಂದರ್ಥ. 1183ರಲ್ಲಿ ತೈರಾ ವಂಶದವರು ಕ್ಯೋಟೋ ಬಿಟ್ಟು ಪಲಾಯನ ಮಾಡಿದ್ದನ್ನು ಜಪಾನಿನ ಇತಿಹಾಸದಲ್ಲಿ ಇದೇ ಮಾತಿನಿಂದ ಕರೆಯುತ್ತಾರೆ. ಆಟದಲ್ಲಿ ಇದರ ಅರ್ಥ, ಕುಬೇರನಾದವನು ಮುಂದಿನ ಸಲವೂ ಮೊದಲೇ ಮುಗಿಸಬೇಕು. ಬೇರೆ ಯಾರಾದರೂ ಮೊದಲು ಮುಗಿಸಿದರೆ ಕುಬೇರ ಆ ಕ್ಷಣವೇ ಎಲೆ ಕೆಳಗಿಟ್ಟು ಕುಚೇಲನಾಗುತ್ತಾನೆ. ಎರಡನೇ ಸ್ಥಾನಕ್ಕೆ ಇಳಿದು ಬಚಾವಾಗುವ ಹಾಗಿಲ್ಲ.

ನಾನು ನೋಡಿದ ಗುಂಪುಗಳಲ್ಲಿ ಆಗುವುದೇನು ಗೊತ್ತಾ? ಮೊದಲ ದಿನ ಎಲ್ಲ ನಿಯಮವೂ ಇರುತ್ತದೆ. ನಾಲ್ಕು ಸಲ ಕುಬೇರನಾಗಿದ್ದವನನ್ನು ಒಂದು ಕ್ರಾಂತಿ ಕೆಡವುತ್ತದೆ. ಮುಂದಿನ ವಾರ ಅವನೇ “ಇದೆಲ್ಲ ಬರೀ ಅದೃಷ್ಟ ಕಣ್ರೋ, ತೆಗೆದುಬಿಡೋಣ” ಅಂತಾನೆ. ಮಿಯಾಕೋ-ಒಚಿ “ತುಂಬಾ ಕ್ರೂರ” ಅಂತ ಅದೂ ಹೋಗುತ್ತದೆ. ಕಪ್ಪ ಮಾತ್ರ ಉಳಿಯುತ್ತದೆ, “ಅದೇ ತಾನೆ ಮಜಾ!” ಅಂತ. ಆಮೇಲೆ ಒಬ್ಬನೇ ಗೆಲ್ಲುತ್ತಾ ಹೋಗುತ್ತಾನೆ, ಒಬ್ಬನೇ ಸೋಲುತ್ತಾ ಹೋಗುತ್ತಾನೆ. ಸೋಲುವವನು ನಾಲ್ಕನೇ ವಾರ “ಕೆಲಸ ಇದೆ” ಎಂದು ಬರುವುದನ್ನೇ ಬಿಡುತ್ತಾನೆ. ಉಳಿದವರು “ಅವನಿಗೆ ಸ್ಪೋರ್ಟಿವ್ ಗುಣ ಇಲ್ಲ” ಅಂತಾರೆ. ಗುಣ ಇಲ್ಲದ್ದು ಯಾರಿಗೆ ಸ್ವಾಮಿ?

ಇವರ ವಾದಗಳನ್ನೇ ಒಂದೊಂದಾಗಿ ನೋಡೋಣ.

‘ಕ್ರಾಂತಿ ಅಂದರೆ ಅದೃಷ್ಟ.’ ಜೋಕರ್ ಸೇರಿಸಿಕೊಳ್ಳದೇ ಲೆಕ್ಕ ಹಾಕಿದರೆ, 54 ಎಲೆಗಳನ್ನು ಐವರಿಗೆ ಹಂಚಿದಾಗ ಯಾರದಾದರೂ ಕೈಗೆ ಒಂದೇ ಅಂಕೆಯ ನಾಲ್ಕೂ ಎಲೆ ಬೀಳುವುದು ಸುಮಾರು ಹದಿನಾರು ಹಂಚಿಕೆಗೆ ಒಮ್ಮೆ. ಬರೀ ಅದೃಷ್ಟವೇ ಆಗಿದ್ದರೆ ಇಷ್ಟೇ. ಆದರೆ ಇವರು ಮರೆಯುವುದು ಕಪ್ಪವನ್ನು! ಕುಬೇರ ತನ್ನ ಕೈಯ ಕಸವನ್ನು, ಅಂದರೆ ಮೂರು, ನಾಲ್ಕರ ಎಲೆಗಳನ್ನು, ಎಲ್ಲಿಗೆ ಎಸೆಯುತ್ತಾನೆ? ಕುಚೇಲನ ಕೈಗೆ. ಕುಚೇಲನ ಹತ್ತಿರ ಮೊದಲೇ ಎರಡು ಮೂರರ ಎಲೆ ಇದ್ದು, ಕುಬೇರ ಇನ್ನೆರಡು ಕೊಟ್ಟರೆ? ಕ್ರಾಂತಿಯ ಮದ್ದನ್ನು ಕುಬೇರನೇ ಕೈಯಾರೆ ತುಂಬಿಕೊಟ್ಟಂತಾಯಿತು.

ಇಡೀ ಆಟದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಜಾಗ ಇದು. ಕ್ರಾಂತಿಯ ನಿಯಮ ಇದ್ದಾಗ ಬುದ್ಧಿವಂತ ಕುಬೇರ ಎರಡೂ ಮೂರುಗಳನ್ನು ಕೊಡುವುದಿಲ್ಲ. ಒಂದು ಮೂರನ್ನು ತಾನೇ ಇಟ್ಟುಕೊಂಡು ಬೇರೆ ಏನಾದರೂ ಕೊಡುತ್ತಾನೆ. ಒಂದು ಮೂರು ತನ್ನಲ್ಲಿದ್ದರೆ ನಾಲ್ಕೂ ಮೂರು ಕುಚೇಲನಲ್ಲಿರಲು ಸಾಧ್ಯವಿಲ್ಲ ತಾನೆ? ಆದರೆ ಆ ಮೂರು ಅವನಿಗೆ ಹೊರೆ. ತಾನೇ ಸುತ್ತು ಶುರು ಮಾಡುವಾಗ ಬಿಟ್ಟರೆ ಅದನ್ನು ಇಳಿಸುವುದು ಕಷ್ಟ. ಅಂದರೆ ಕ್ರಾಂತಿ ಒಮ್ಮೆಯೂ ನಡೆಯದಿದ್ದರೂ, ನಡೆಯಬಹುದೆಂಬ ಭಯವೇ ಸಿರಿವಂತನಿಂದ ಸ್ವಲ್ಪ ಹೊರೆ ಹೊರಿಸುತ್ತದೆ. ಕ್ರಾಂತಿ ತೆಗೆದುಹಾಕಿ ನೋಡಿ, ಕುಬೇರ ಯೋಚನೆಯೇ ಮಾಡದೆ ಕಸ ಎಸೆಯುತ್ತಾನೆ. ಈಗ ಹೇಳಿ, ಯಾವ ಆಟದಲ್ಲಿ ಚಾತುರ್ಯ ಹೆಚ್ಚು?

ಉಳಿದವರಿಗೂ ತಲೆಗೆ ಕೆಲಸ ಉಂಟು. ಅರ್ಧ ಆಟ ಕಳೆದರೂ ಮೇಜಿನ ಮೇಲೆ ಒಂದೇ ಒಂದು ಐದರ ಎಲೆ ಕಾಣಿಸದಿದ್ದರೆ ಯಾರೋ ಕೂಡಿಡುತ್ತಿದ್ದಾರೆ ಎಂದು ಅನುಮಾನಿಸಬೇಡವೇ? ಆಗ ದೊಡ್ಡ ಎಲೆಗಳನ್ನು ಬೇಗ ಖರ್ಚು ಮಾಡಬೇಕೇ, ಕಾಯಬೇಕೇ? ಅದೃಷ್ಟ ಅಂತ ಹೀಗಳೆಯುವವರು ಮೇಜು ನೋಡುತ್ತಿಲ್ಲ ಅಂತಲೇ ಅರ್ಥ.

‘ಹೊಸಬರಿಗೆ ಕಷ್ಟ.’ ಇದು ಒಪ್ಪುವ ಮಾತು. ಹೊಸಬರಿದ್ದರೆ ಮೊದಲ ಎರಡು ಆಟ ಕ್ರಾಂತಿ ಬೇಡ. ಆದರೆ ಆಗ ಕಪ್ಪವೂ ಬೇಡ! ಹೊಸಬನಿಂದ ಕಪ್ಪ ಕಿತ್ತುಕೊಳ್ಳುವಾಗ ಕಷ್ಟ ಕಾಣದವರಿಗೆ, ಅವನಿಗೆ ಕ್ರಾಂತಿ ಕಲಿಸುವಾಗ ಮಾತ್ರ ಕಷ್ಟ ಕಾಣುತ್ತದೆಯೇ?

‘ಹಾಗಾದರೆ ಕಪ್ಪವನ್ನೇ ತೆಗೆಯೋಣ, ಎಲ್ಲರೂ ಸಮಾನರು.’ ಹೀಗೆನ್ನುವವರ ಜೊತೆ ನನಗೆ ದೊಡ್ಡ ಜಗಳವಿಲ್ಲ. ಅವರ ಲೆಕ್ಕ ಪ್ರಾಮಾಣಿಕವಾದದ್ದು. ಆಟ ಸಪ್ಪೆಯಾಗುತ್ತದೆ, ಪ್ರತಿ ಹಂಚಿಕೆಯೂ ಹಿಂದಿನದನ್ನು ಮರೆತು ಶುರುವಾಗುತ್ತದೆ, ಅಷ್ಟೇ. ನನ್ನ ಜಗಳ ಇರುವುದು ಕಪ್ಪವನ್ನು ‘ಸಂಪ್ರದಾಯ’ ಎಂದೂ ಕ್ರಾಂತಿಯನ್ನು ‘ಹೆಚ್ಚುವರಿ ನಿಯಮ’ ಎಂದೂ ಕರೆಯುವವರ ಜೊತೆ.

ಬೇರೆಯವರು ಏನು ಮಾಡಿದ್ದಾರೆ ನೋಡಿ. ಟೋಕಿಯೋದ ಎಲೆಕ್ಟ್ರೋ-ಕಮ್ಯುನಿಕೇಶನ್ಸ್ ವಿಶ್ವವಿದ್ಯಾಲಯದಲ್ಲಿ 2006ರಲ್ಲಿ ಕಂಪ್ಯೂಟರ್ ಪ್ರೋಗ್ರಾಮುಗಳ ನಡುವೆ ದೈಹಿನ್‌ಮಿನ್ ಸ್ಪರ್ಧೆ ಶುರುವಾಯಿತು. ಅದರ ನಿಯಮಗಳಲ್ಲಿ ಕಪ್ಪವೂ ಇದೆ, ಕ್ರಾಂತಿಯೂ ಇದೆ. ಬರೀ ಅದೃಷ್ಟವಾಗಿದ್ದರೆ ಪ್ರೋಗ್ರಾಮ್ ಬರೆದು ಸ್ಪರ್ಧಿಸುವ ಶ್ರಮ ಯಾರಿಗೆ ಬೇಕಿತ್ತು? ಇದೇ ಜಾತಿಯ ಇನ್ನೊಂದು ಆಟ, ರಿಚರ್ಡ್ ಗಾರ್ಫೀಲ್ಡ್ 1995ರಲ್ಲಿ ತಂದ ‘ದಿ ಗ್ರೇಟ್ ಡಲ್ಮೂಟಿ’. ಅದರಲ್ಲೂ ಕಂದಾಯ ಇದೆ, ಆದರೆ ಎರಡೂ ವಿದೂಷಕ ಎಲೆಗಳು ಸಿಕ್ಕವನು ಕ್ರಾಂತಿ ಸಾರಿ ಆ ಸಲದ ಕಂದಾಯವನ್ನೇ ನಿಲ್ಲಿಸಬಹುದು. ಕಟ್ಟಕಡೆಯವನೇ ಸಾರಿದರೆ ಎಲ್ಲರ ಅಂತಸ್ತೂ ಅದಲುಬದಲು. ಅಲ್ಲೂ ಇವೆರಡು ಜೋಡಿಯಾಗಿಯೇ ಇವೆ.

ಇನ್ನು ಗೆಳೆಯರ ಜೊತೆ ಆಡಲು ಕೂರುವವರಿಗೆ ನನ್ನ ನಾಲ್ಕು ಮಾತು:

1. ನಿಯಮಗಳನ್ನು ಮೊದಲ ಹಂಚಿಕೆಗೆ ಮುಂಚೆ ತೀರ್ಮಾನಿಸಿ, ಒಂದು ಚೀಟಿಯಲ್ಲಿ ಬರೆದಿಡಿ. ಜಪಾನಿನಲ್ಲೇ ಊರಿಗೊಂದು, ಶಾಲೆಗೊಂದು ನಿಯಮ ಇರುವ ಆಟ ಇದು. ಎಂಟರ ಎಲೆ ಬಿದ್ದರೆ ಸುತ್ತು ಅಲ್ಲಿಗೇ ಮುಗಿಯುವ ‘ಹಾಚಿಗಿರಿ’ ಇದೆಯೇ? ಒಂಟಿ ಜೋಕರನ್ನು ಇಸ್ಪೀಟಿನ ಮೂರು ಹೊಡೆಯುತ್ತದೆಯೇ? ಜೋಕರ್ ಸೇರಿಸಿ ಕ್ರಾಂತಿ ಮಾಡಬಹುದೇ? ಕೊನೆಯ ಎಲೆಯಾಗಿ ಜೋಕರ್ ಇಳಿಸಿ ಗೆಲ್ಲಬಹುದೇ? ಎಲ್ಲವೂ ಮೊದಲೇ ಗೊತ್ತಿರಲಿ.

2. ಮಧ್ಯದಲ್ಲಿ ನಿಯಮ ಬದಲಿಸುವ ಹಾಗಿಲ್ಲ. ಬದಲಿಸಲೇಬೇಕಿದ್ದರೆ ಎಲ್ಲರ ಅಂತಸ್ತನ್ನೂ ಅಳಿಸಿ, ಮೊದಲಿನಿಂದ ಶುರು ಮಾಡಿ. ಪಟ್ಟದ ಮೇಲೆ ಕೂತವನು ಮಾಡುವ ನಿಯಮ ಪಟ್ಟಕ್ಕೇ ಅನುಕೂಲವಾಗಿರುತ್ತದೆ.

3. ಕಪ್ಪ, ಕ್ರಾಂತಿ, ಮಿಯಾಕೋ-ಒಚಿ ಮೂರೂ ಒಂದು ಕಟ್ಟು. ಇದ್ದರೆ ಮೂರೂ ಇರಲಿ, ಹೋದರೆ ಮೂರೂ ಹೋಗಲಿ.

4. ಎರಡನೇ ಹಂಚಿಕೆಯಿಂದ ಮೊದಲ ಎಲೆ ಹಾಕುವ ಅವಕಾಶ ಕುಚೇಲನಿಗೆ ಕೊಡಿ. ಜಪಾನಿನಲ್ಲೂ ಸಾಮಾನ್ಯವಾಗಿ ಹೀಗೇ ಆಡುತ್ತಾರೆ. ಎರಡು ದೊಡ್ಡ ಎಲೆ ಕಿತ್ತುಕೊಂಡ ಮೇಲೆ ಇಷ್ಟಾದರೂ ಬೇಡವೇ?

“ಬರೀ ಆಟ, ಇಷ್ಟೆಲ್ಲ ಯಾಕೆ ತಲೆ ಕೆಡಿಸ್ಕೋತೀರಿ?” ಎಂದು ಕೇಳುವವರಿರುತ್ತಾರೆ. ಬರೀ ಆಟವೇ ಆಗಿದ್ದರೆ ಒಂದು ಕ್ರಾಂತಿಯಲ್ಲಿ ಸೋತದ್ದಕ್ಕೆ ನಿಯಮವನ್ನೇ ಕಿತ್ತುಹಾಕುವಷ್ಟು ನೀವು ಯಾಕೆ ತಲೆ ಕೆಡಿಸಿಕೊಂಡಿರಿ ಎಂದು ನಾನೂ ಕೇಳಬೇಕಲ್ಲ! ಮುಂದಿನ ಸಲ ಎಲೆ ಹಂಚುವ ಮೊದಲು, ಬರುವುದನ್ನೇ ಬಿಟ್ಟ ಆ ಗೆಳೆಯನಿಗೆ ಒಂದು ಫೋನ್ ಮಾಡಿ. “ಬಾರೋ, ಈ ಸಲ ಕ್ರಾಂತಿ ಇದೆ” ಅನ್ನಿ. ಬರ್ತಾನೋ ಇಲ್ಲವೋ ನೋಡಿ.

ಏನಂತೀರಿ?